ಸೌತೆಕಾಯಿ ತಿನ್ನುವ ಕಪ್ಪಾ

ಜಪಾನ್ ದೇಶದ ಜನಪದ ಕಥೆಗಳಲ್ಲಿ ಹೊಳೆ, ಕೆರೆಗಳಲ್ಲಿ ವಾಸಿಸುವ ಒಂದು ತುಂಟ ಜೀವಿ ಇದೆ. ಅದೇ ಕಪ್ಪಾ. ಹಾಗೆಂದರೆ ‘ಹೊಳೆಯ ಮಗು’. ಎತ್ತರ ಚಿಕ್ಕ ಹುಡುಗನಷ್ಟು. ಬೆನ್ನಿಗೆ ಆಮೆಯ ಚಿಪ್ಪು, ಬಾಯಿಗೆ ಕೊಕ್ಕು. ನೆತ್ತಿಯ ಮೇಲೆ ತಟ್ಟೆಯಂಥ ತಗ್ಗು, ಅದರ ತುಂಬ ನೀರು. ಅದರ ಶಕ್ತಿಯೆಲ್ಲಾ ಆ ನೀರಿನಲ್ಲೇ ಇದೆಯಂತೆ! (ಚಿತ್ರ ಪಕ್ಕದಲ್ಲಿ ಬರೆದಿದ್ದೇನೆ. ಕೊಕ್ಕು ಸ್ವಲ್ಪ ಉದ್ದ ಆಯ್ತು.)

ಕಪ್ಪಾ ಕುದುರೆಗಳನ್ನೂ ಮಕ್ಕಳನ್ನೂ ನೀರಿಗೆ ಎಳೆಯುತ್ತದೆ. ಆದರೆ ಬಹಳ ಮರ್ಯಾದೆಯ ಜೀವಿ. ನಾವು ಬಗ್ಗಿ ನಮಸ್ಕಾರ ಮಾಡಿದರೆ ಅದೂ ಬಗ್ಗುತ್ತದೆ. ನೆತ್ತಿಯ ನೀರು ಚೆಲ್ಲುತ್ತದೆ, ಶಕ್ತಿ ಹೋಗುತ್ತದೆ! ಇದನ್ನು ಓದಿ ನಾನೊಬ್ಬಳೇ ಕೂತು ನಕ್ಕೆ. ಸೌತೆಕಾಯಿ ಅಂದರೆ ಅದಕ್ಕೆ ಪ್ರಾಣ. ಸೌತೆಕಾಯಿ ಇಟ್ಟು ಅನ್ನ ಸುತ್ತಿದ ಅಲ್ಲಿನ ತಿಂಡಿಗೆ ‘ಕಪ್ಪಾಮಾಕಿ’ ಎಂದೇ ಹೆಸರು.

ತೋನೊ ಎಂಬ ಊರಿನಲ್ಲಿ ಕಪ್ಪಾನ ಮಡು ಇದೆ. ಅಲ್ಲಿಯ ಕಪ್ಪಾನ ಮುಖ ಕೆಂಪು. ಆ ಸೀಮೆಯ ಕಥೆಗಳನ್ನು ಯಾನಾಗಿತಾ ಕುನಿಯೊ ಎಂಬ ವಿದ್ವಾಂಸರು 1910ರಲ್ಲಿ ಪುಸ್ತಕ ಮಾಡಿದರು.

ಮಕ್ಕಳು ನೀರಿಗೆ ಇಳಿಯದಿರಲಿ ಅಂತ ಹಿರಿಯರು ಈ ಕಥೆ ಹೇಳಿ ಹೆದರಿಸುತ್ತಿದ್ದರು. ‘ನೀರು ಆಳ ಇದೆ’ ಅಂದರೆ ನಾವು ಕೇಳಲ್ಲ, ‘ಕಪ್ಪಾ ಇದೆ’ ಅಂದರೆ ನಿಲ್ತೀವಿ. ಈಗಲೂ ಜಪಾನಿನ ಕೆಲವು ಕೆರೆಗಳ ದಂಡೆಯಲ್ಲಿ ಎಚ್ಚರಿಕೆಯ ಹಲಗೆಯ ಮೇಲೆ ಕಪ್ಪಾನ ಚಿತ್ರ ಇರುತ್ತದೆ.