ಎಳೆಯರ ಮನೆಪಾಠ: ಎಣಿಕೆ ಮತ್ತು ಮಾತು

ಒಂದನೆಯ ಮತ್ತು ಎರಡನೆಯ ಇಯತ್ತೆಯ ಮಕ್ಕಳ ಪಾಲಕರು ನಮ್ಮನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆಯೊಂದುಂಟು: "ಗುರುಗಳೇ, ಮನೆಯಲ್ಲಿ ಮಗುವಿಗೆ ಏನನ್ನು ಓದಿಸಬೇಕು? ದಿನಕ್ಕೆ ಎಷ್ಟು ಪುಟ ಬರೆಯಿಸಬೇಕು?" ಈ ಪ್ರಶ್ನೆಯಲ್ಲಿ ಅಕ್ಕರೆಯೂ ಇದೆ, ಅಳುಕೂ ಇದೆ. ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಮತ್ತು ಹಿಂದಿ. ಇಷ್ಟು ನುಡಿಗಳ ನಡುವೆ ಬೆಳೆಯುವ ಮುಂಬಯಿಯ ಮಗು ಯಾವುದರಲ್ಲಿಯೂ ನೆಲೆಗೊಳ್ಳದೆ ಹೋದೀತೆಂಬ ಅಳುಕು ಅದು. ಈ ಅಳುಕಿನಿಂದಲೇ ಕೆಲವರು ಮಗುವನ್ನು ನಡುವರ್ಷದಲ್ಲಿ ಕನ್ನಡ ಮಾಧ್ಯಮದಿಂದ ಬಿಡಿಸುವ ಯೋಚನೆಯನ್ನೂ ಮಾಡುತ್ತಾರೆ. ಆದರೆ ಪುಟಗಟ್ಟಲೆ ಬರೆಯಿಸುವುದರಿಂದ ಈ ತೊಡಕು ಬಿಡಿಸಲಾರದು. ಆರೇಳು ವರ್ಷದ ಮಗುವಿಗೆ ಮನೆಯಲ್ಲಿ ಮುಖ್ಯವಾಗಿ ಬೇಕಾದವು ಎರಡು: ಕೈಯಿಂದ ಮುಟ್ಟಿ ಎಣಿಸುವ ವಸ್ತುಗಳು ಮತ್ತು ಕಿವಿ ತುಂಬ ಮಾತು.

ಮೊದಲು ಎಣಿಕೆಯನ್ನು ನೋಡೋಣ. 'ಇಪ್ಪತ್ತೈದು' ಬರೆಯೆಂದರೆ ಕೆಲವು ಮಕ್ಕಳು 52 ಎಂದು ಬರೆಯುವುದನ್ನು ನಾವು ವರುಷವರುಷವೂ ಕಾಣುತ್ತೇವೆ. ಇದನ್ನು ದಡ್ಡತನವೆಂದು ತಿಳಿಯಬಾರದು. ಅಂಕಿಗಳ ಸ್ಥಾನವು ಎಳೆಯರಿಗೆ ಎಲ್ಲೆಡೆಯೂ ತೊಡಕಿನ ವಿಷಯವೇ. ನಮ್ಮ ನಗರದ ಮಕ್ಕಳಿಗೆ ಇನ್ನೊಂದು ತೊಡಕು ಸೇರುತ್ತದೆ. ಮರಾಠಿಯ 'ಪಂಚವೀಸ', ಹಿಂದಿಯ 'ಪಚ್ಚೀಸ್' ಎಂಬ ಶಬ್ದಗಳಲ್ಲಿ ಐದು ಮೊದಲು ಬರುತ್ತದೆ, ಇಪ್ಪತ್ತು ಅನಂತರ ಬರುತ್ತದೆ. ಕನ್ನಡದಲ್ಲಾದರೋ ಇಪ್ಪತ್ತು ಮೊದಲು, ಐದು ಅನಂತರ. ನಾವು 2 ಮತ್ತು 5 ಎಂಬ ಅಂಕಿಗಳನ್ನು ಬರೆಯುವ ಕ್ರಮವೂ ಅದೇ. ಹದಿಮೂರು, ಮೂವತ್ತೇಳು, ಅರವತ್ತೆಂಟು — ಕನ್ನಡದ ಸಂಖ್ಯಾವಾಚಕಗಳು ತಮ್ಮ ಬರವಣಿಗೆಯ ಕ್ರಮವನ್ನು ತಾವೇ ಹೇಳಿಕೊಡುತ್ತವೆ. ಕನ್ನಡದಲ್ಲಿ ಎಣಿಸಲು ಕಲಿಯುವ ಮಗುವಿಗೆ ಇದೊಂದು ದೊಡ್ಡ ಅನುಕೂಲ. ಇದನ್ನು ನಾವು ವ್ಯರ್ಥಗೊಳಿಸಬಾರದು.

ಇದಕ್ಕೆ ಬೇಕಾದ ಉಪಕರಣ ಮನೆಯಲ್ಲಿಯೇ ಇದೆ. ತೆಂಗಿನ ಪೊರಕೆಯ ಕಡ್ಡಿಗಳನ್ನು ಬೆರಳುದ್ದಕ್ಕೆ ಮುರಿದು ತೊಳೆದು ಒಣಗಿಸಿರಿ. ಮಗುವೇ ಹತ್ತು ಹತ್ತು ಕಡ್ಡಿಗಳನ್ನೆಣಿಸಿ ದಾರದಿಂದ ಕಟ್ಟು ಕಟ್ಟಲಿ. ಎರಡು ಕಟ್ಟುಗಳನ್ನೂ ಐದು ಬಿಡಿ ಕಡ್ಡಿಗಳನ್ನೂ ಇಟ್ಟು ಎಷ್ಟೆಂದು ಕೇಳಿರಿ. "ಇಪ್ಪತ್ತು... ಐದು... ಇಪ್ಪತ್ತೈದು" ಎಂದು ಬಾಯಿಂದ ಹೇಳಿದ ಮೇಲೆಯೇ ಪಾಟಿಯ ಮೇಲೆ ಬರೆಯಲಿ. ಅನಂತರ ಐದು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಇಡಿರಿ. 25 ಮತ್ತು 52ರ ಅಂತರವನ್ನು ಆಗ ಕಣ್ಣೇ ಕಾಣುತ್ತದೆ. ಕೊನೆಗೆ ಅದೇ ಗುಂಪಿಗೆ ಅಂಗಡಿಯಲ್ಲಿ ಮರಾಠಿಯಲ್ಲಿ ಏನೆನ್ನುವರೆಂಬುದನ್ನೂ ಕೇಳಬಹುದು. ವಸ್ತು ಒಂದೇ, ಹೆಸರು ಎರಡು ಎಂಬುದು ತಿಳಿದ ಮಗುವಿಗೆ ಎರಡನೆಯ ಭಾಷೆಯಿಂದ ಗೊಂದಲವಾಗುವ ಸಂಭವ ಕಡಿಮೆ.

ಆಟಗಳೂ ಎಣಿಕೆಯ ಪಾಠಗಳೇ. ಚೌಕಾಬಾರದಲ್ಲಿ ನಾಲ್ಕು ಕವಡೆಗಳನ್ನು ಚೆಲ್ಲಿ, ಇಪ್ಪತ್ತೈದು ಮನೆಗಳಲ್ಲಿ ಕಾಯಿ ನಡೆಸಬೇಕು. ಕವಡೆಯಿಲ್ಲದಿದ್ದರೆ ಒಂದು ಮಗ್ಗುಲನ್ನು ಉಜ್ಜಿ ಬಿಳಿದು ಮಾಡಿದ ಹುಣಸೆಬೀಜಗಳು ಸಾಕು. ಕರಾವಳಿಯವರ ಚೆನ್ನೆಮಣೆಯಲ್ಲಿ ಹದಿನಾಲ್ಕು ಗುಳಿಗಳು. ಗುಳಿಗೆ ನಾಲ್ಕರಂತೆ ಬೀಜಗಳನ್ನು ತುಂಬುವ ಕೆಲಸವನ್ನು ಮಗುವಿಗೆ ಬಿಡಿರಿ. ಒಟ್ಟು ಐವತ್ತಾರು ಬೀಜಗಳಾದುವೇ ಎಂದು ಹತ್ತರ ಗುಂಪು ಮಾಡಿ ನೋಡಲಿ. ಮಣೆಯಿಲ್ಲದವರು ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತಗಳನ್ನು ಬರೆದುಕೊಳ್ಳಬಹುದು.

ಇನ್ನು ಮಾತಿನ ವಿಚಾರ. ದೇವನಾಗರಿಯಲ್ಲಿ ಮರಾಠಿ ಬರೆಯುವಾಗ 'ಎ'ಕಾರಕ್ಕೂ 'ಒ'ಕಾರಕ್ಕೂ ಒಂದೊಂದೇ ಅಕ್ಷರ. ಕನ್ನಡದಲ್ಲಿ ಎ–ಏ, ಒ–ಓ ಎಂದು ಹ್ರಸ್ವ ದೀರ್ಘಗಳೆರಡೂ ಇವೆ. ಅವು ಬದಲಾದರೆ ಅರ್ಥವೇ ಬದಲಾಗುತ್ತದೆ. ಕೊಡು–ಕೋಡು, ಬೆರೆ–ಬೇರೆ, ತೊಡು–ತೋಡು, ಕೆರೆ–ಕೇರೆ ಇವೇ ಉದಾಹರಣೆಗಳು. ಈ ಭೇದವನ್ನು ಕಣ್ಣಿಗಿಂತ ಮೊದಲು ಕಿವಿ ಕಲಿಯಬೇಕು. ತಾಯಿಯು ಶಬ್ದವನ್ನು ಹೇಳಲಿ. ಹ್ರಸ್ವವಾದರೆ ಮಗು ಒಂದು ಚಪ್ಪಾಳೆ ತಟ್ಟಲಿ, ದೀರ್ಘವಾದರೆ ಎರಡು ಕೈಗಳನ್ನೂ ಅಗಲಿಸಲಿ. ಅಡುಗೆಮನೆಯಲ್ಲಿ "ಹಿಟ್ಟಿಗೆ ನೀರು ಬೆರೆಸು", "ಬೇರೆ ಬಟ್ಟಲು ತಾ" ಎನ್ನುವಾಗಲೂ ಈ ಪಾಠ ನಡೆಯುತ್ತದೆ. ಇದಕ್ಕೆ ತಾಯಿ ಓದುಬರಹ ಬಲ್ಲವಳಾಗಿರಲೇಬೇಕೆಂದಿಲ್ಲ. ಕಿವಿಗೆ ರೂಢಿಯಾದ ಮೇಲೆ ತಟ್ಟೆಯಲ್ಲಿ ಹರಡಿದ ಅಕ್ಕಿಯಲ್ಲಿ ಬೆರಳಿನಿಂದ ಆ ಅಕ್ಷರಗಳನ್ನು ಬರೆಯಿಸಬಹುದು.

ಮಗು ಭಾಷೆಗಳನ್ನು ಬೆರೆಸಿ ಆಡಿದಾಗ ಗದರಿಸಬೇಡಿರಿ. "ಅಪ್ಪಾ, ಗಾಡಿ ಥಾಂಬಿತು" ಎಂದರೆ, "ಹೌದು ಕಂದಾ, ಗಾಡಿ ನಿಂತಿತು, ಏಕೆ ನಿಂತಿತೋ?" ಎಂದು ಉತ್ತರಿಸಿರಿ. ಇದರಿಂದ ಸರಿಯಾದ ಶಬ್ದವೂ ಕಿವಿಗೆ ಬಿದ್ದಿತು, ಮಾತೂ ಮುಂದುವರಿಯಿತು. ಗದರಿಸಿದರೆ ಮಗು ಮಾತನ್ನೇ ನಿಲ್ಲಿಸೀತು. ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೆ ಅದನ್ನು ಬದಿಗೊತ್ತುವ ಅಗತ್ಯವಿಲ್ಲ. ಕಥೆಯನ್ನು ಮೊದಲು ಮನೆಮಾತಿನಲ್ಲಿ ಹೇಳಿ, ಮರುದಿನ ಅದನ್ನೇ ಕನ್ನಡದಲ್ಲಿ ಹೇಳಿರಿ. ಕೊನೆಯ ಭಾಗವನ್ನು ಮಗುವೇ ಹೇಳಲೆಂದು ಬಿಡಿರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು, ಮಾತೃಭಾಷೆ ಅಥವಾ ಪ್ರಾದೇಶಿಕ ಭಾಷೆಯಲ್ಲಿ ಬೋಧನೆ ನಡೆಯಬೇಕೆಂದು ಹೇಳಿದೆ. ತಿಳಿದ ನುಡಿಯ ಮೂಲಕ ತಿಳಿಯದುದನ್ನು ಕಲಿಸಬೇಕೆಂಬುದೇ ಇದರ ತಿರುಳು.

ಲೋಕಲ್ ಗಾಡಿಯಲ್ಲಿ ನಿಂತು ಬಂದು ದಣಿದ ಪಾಲಕರಿಗೆ ಇದೆಲ್ಲಕ್ಕೆ ವೇಳೆಯೆಲ್ಲಿ ಎಂಬ ಮಾತು ಸಹಜವೇ. ದಿನಕ್ಕೆ ಹದಿನೈದು ನಿಮಿಷ ಸಾಕು. ಆದರೆ ಅದು ದಿನವೂ ಇರಬೇಕು. ಒಂದು ದಿನ ಕಡ್ಡಿಯ ಎಣಿಕೆ, ಮರುದಿನ ಶಬ್ದದಾಟ, ಇನ್ನೊಂದು ದಿನ ಕಥೆ. ಮಗು ಬೇಸತ್ತರೆ ಅಲ್ಲಿಗೆ ನಿಲ್ಲಿಸಿರಿ. ಮನೆ ಇನ್ನೊಂದು ಶಾಲೆಯಾಗುವುದು ಬೇಡ. ಅಕ್ಷರ ತಿದ್ದಿಸುವ, ಕಾಗುಣಿತ ಕಲಿಸುವ ಹೊಣೆ ನಮ್ಮದು. ಒಂದು ನುಡಿಯಲ್ಲಿ ಎಣಿಕೆಯೂ ಮಾತೂ ಗಟ್ಟಿಯಾದ ಮಗು ಮರಾಠಿ, ಇಂಗ್ಲಿಷ್ ಪಾಠಗಳಿಗೆ ಅಳುಕದೆ ಕುಳಿತುಕೊಳ್ಳುತ್ತದೆ.

ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಅಜ್ಜ ಅಜ್ಜಿಯರಿಂದ ಒಂದಾದರೂ ಕಥೆ, ಒಂದಾದರೂ ಆಟವನ್ನು ಮಕ್ಕಳು ಕಲಿತು ಬರಲಿ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ತಾವೇ ಕಟ್ಟಿದ ಹತ್ತು ಕಡ್ಡಿಕಟ್ಟುಗಳನ್ನು ಚೀಲದಲ್ಲಿಟ್ಟುಕೊಂಡು ಬರಲಿ. ನೂರರ ಪಾಠವನ್ನು ಆ ಕಟ್ಟುಗಳಿಂದಲೇ ಆರಂಭಿಸೋಣ.