ಹಳೆಯ ಕಮಾಂಡ್, ಹೊಸ ಕೈಪಿಡಿ: ಕ್ಲೌಡ್ ದಾಖಲೆ ತಿದ್ದಲು ಹೊರಟವರಿಗೆ

ಕ್ಲೌಡ್ ನಿರ್ವಹಣೆಯ ಕೈಪಿಡಿಯನ್ನು ಯಾರೂ ಬಿಡುವಿನಲ್ಲಿ ಕೂತು ಓದುವುದಿಲ್ಲ. ಯಾವುದೋ ಸರ್ವರ್ ಕೈಕೊಟ್ಟಿರುತ್ತದೆ, ಅದರ ಮೇಲೆ ಓಡುತ್ತಿದ್ದ ವರ್ಚುವಲ್ ಯಂತ್ರಗಳನ್ನು ಬೇರೆ ಕಡೆಗೆ ಸಾಗಿಸಬೇಕಾಗಿರುತ್ತದೆ, ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿರುತ್ತದೆ. ಆಗ ನಿರ್ವಾಹಕರು ಕೈಪಿಡಿಯ ಒಂದು ಪುಟ ತೆರೆದು, ಅಲ್ಲಿರುವ ಕಮಾಂಡನ್ನು ನಕಲು ಮಾಡಿ, ಹೆಸರುಗಳನ್ನಷ್ಟೇ ಬದಲಿಸಿ ಟರ್ಮಿನಲ್‌ಗೆ ಹಾಕುತ್ತಾರೆ. ಅದು ಎಂದೋ ತೆಗೆದುಹಾಕಿದ ಉಪಕರಣದ ಕಮಾಂಡ್ ಆಗಿದ್ದರೆ, ಆ ಹೊತ್ತಿನಲ್ಲಿ ಅವರಿಗೆ ಸಿಗುವ ಉತ್ತರ 'ಇಂಥ ಕಮಾಂಡ್ ಇಲ್ಲ' ಎಂಬ ಒಂದು ಸಾಲು.

ಇಂಥ ಪುಟಗಳನ್ನು ತಿದ್ದುವುದು ಹೊಸಬರು ಮಾಡಬಹುದಾದ ಕೆಲಸ. ಎಂಜಿನಿಯರಿಂಗ್ ಓದುತ್ತಿರುವವರು, ಈಗಷ್ಟೇ ಕೆಲಸಕ್ಕೆ ಸೇರಿದವರು, ಓಪನ್ ಸೋರ್ಸ್ ಲೋಕಕ್ಕೆ ಎಲ್ಲಿಂದ ಕಾಲಿಡಬೇಕೆಂದು ತಿಳಿಯದವರು ಇಲ್ಲಿಂದಲೇ ಶುರು ಮಾಡಬಹುದು. ಸುಲಭ ಎಂದು ಮಾತ್ರ ತಿಳಿಯಬೇಡಿ. ಯಾಕೆಂದು ಹೇಳಲು ಓಪನ್‌ಸ್ಟ್ಯಾಕ್‌ನ ಕತೆಯನ್ನೇ ತೆಗೆದುಕೊಳ್ಳುತ್ತೇನೆ. ಮುಂದೆ ಬರುವ ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳ ಮೂಲರೂಪವನ್ನೇ ಟೈಪ್ ಮಾಡಬೇಕೆಂಬುದು ನಿಮಗೆ ಗೊತ್ತಿರುವ ಸಂಗತಿ.

ಓಪನ್‌ಸ್ಟ್ಯಾಕ್ ಎಂದರೆ ನಿಮ್ಮದೇ ಸರ್ವರ್‌ಗಳ ಗುಂಪನ್ನು ಕ್ಲೌಡ್ ಆಗಿ ನಡೆಸಿಕೊಡುವ ಮುಕ್ತ ತಂತ್ರಾಂಶ. 2010ರಲ್ಲಿ ಅಮೆರಿಕದ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಸೇರಿ ಇದನ್ನು ಆರಂಭಿಸಿದವು. ಜಿನೀವಾದ ಸರ್ನ್ ಭೌತವಿಜ್ಞಾನ ಪ್ರಯೋಗಾಲಯ 2013ರಿಂದ ತನ್ನ ಲೆಕ್ಕಾಚಾರದ ಯಂತ್ರಗಳನ್ನು ಇದರ ಮೇಲೆಯೇ ನಡೆಸುತ್ತಿದೆ. ಇದು ಒಂದೇ ತಂತ್ರಾಂಶವಲ್ಲ, ಹಲವು ಸೇವೆಗಳ ಕೂಟ. ವರ್ಚುವಲ್ ಯಂತ್ರಗಳನ್ನು ನೋಡಿಕೊಳ್ಳುವುದು ನೋವಾ, ಜಾಲವನ್ನು ನ್ಯೂಟ್ರಾನ್, ಡಿಸ್ಕುಗಳನ್ನು ಸಿಂಡರ್, ಇಮೇಜುಗಳನ್ನು ಗ್ಲಾನ್ಸ್. ಯಾರು ಒಳಗೆ ಬರಬಹುದು, ಏನು ಮಾಡಬಹುದು ಎಂಬುದನ್ನು ನಿರ್ಧರಿಸುವುದು ಕೀಸ್ಟೋನ್. ಒಂದೊಂದನ್ನೂ ಒಂದೊಂದು ತಂಡ ಬರೆಯಿತು, ಒಂದೊಂದು ತಂಡವೂ ತನ್ನದೇ ಕಮಾಂಡ್ ಉಪಕರಣ ಮಾಡಿಕೊಂಡಿತು. ಹಿಂದೆ ನಮ್ಮ ಒಂದೊಂದು ಪೇಟೆಯಲ್ಲಿ ಒಂದೊಂದು ಅಳತೆಯ ಕೊಳಗ ಇದ್ದಂತೆ ಆಯಿತು ಪರಿಸ್ಥಿತಿ. ಯಂತ್ರಗಳ ಪಟ್ಟಿ ಬೇಕಾದರೆ 'ನೋವಾ ಲಿಸ್ಟ್', ಜಾಲಗಳ ಪಟ್ಟಿಗೆ 'ನ್ಯೂಟ್ರಾನ್ ನೆಟ್-ಲಿಸ್ಟ್', ಬಳಕೆದಾರರ ಪಟ್ಟಿಗೆ 'ಕೀಸ್ಟೋನ್ ಯೂಸರ್-ಲಿಸ್ಟ್'. ಒಂದರಲ್ಲಿ ಹೆಸರು ಮೊದಲು ಕೊಡಬೇಕು, ಇನ್ನೊಂದರಲ್ಲಿ ಕೊನೆಗೆ. ಕಲಿಯುವವರಿಗೆ ಇದು ಶುದ್ಧ ತಲೆನೋವು.

ಅದಕ್ಕೆ ಪರಿಹಾರವಾಗಿ ಬಂದದ್ದು 'ಓಪನ್‌ಸ್ಟ್ಯಾಕ್' ಎಂಬ ಒಂದೇ ಕಮಾಂಡ್. ಇದರಲ್ಲಿ ಮೊದಲು ವಸ್ತು, ಆಮೇಲೆ ಕ್ರಿಯೆ: 'ಓಪನ್‌ಸ್ಟ್ಯಾಕ್ ಸರ್ವರ್ ಲಿಸ್ಟ್', 'ಓಪನ್‌ಸ್ಟ್ಯಾಕ್ ನೆಟ್‌ವರ್ಕ್ ಲಿಸ್ಟ್', 'ಓಪನ್‌ಸ್ಟ್ಯಾಕ್ ಯೂಸರ್ ಕ್ರಿಯೇಟ್'. ಇದು ಬಲಿತಂತೆ ಹಳೆಯ ಉಪಕರಣಗಳು ಒಂದೊಂದಾಗಿ 'ಡೆಪ್ರಿಕೇಟ್' ಆದವು. ಈ ಪದವನ್ನು ಇಲ್ಲಿ ಸರಿಯಾಗಿ ಹಿಡಿದುಕೊಳ್ಳಿ. ಡೆಪ್ರಿಕೇಟ್ ಆದ ಕಮಾಂಡ್ ಇನ್ನೂ ಕೆಲಸ ಮಾಡುತ್ತದೆ. 'ಮುಂದೆ ನನ್ನನ್ನು ತೆಗೆದುಹಾಕುತ್ತಾರೆ, ಇನ್ನೊಂದನ್ನು ಬಳಸಿ' ಎಂದು ಎಚ್ಚರಿಕೆ ಕೊಟ್ಟು ಕೆಲಸ ಮಾಡುತ್ತದೆ. ಕೀಸ್ಟೋನ್ ಕಮಾಂಡ್ ಅದರ ಕ್ಲೈಂಟ್‌ನ 2.0 ಆವೃತ್ತಿಯಲ್ಲಿ ಪೂರ್ತಿ ಹೋಯಿತು. ನ್ಯೂಟ್ರಾನ್ ಕಮಾಂಡಿಗೆ 2017ರ ಒಕಾಟಾ ಬಿಡುಗಡೆಯಲ್ಲಿ ಡೆಪ್ರಿಕೇಟ್ ಮುದ್ರೆ ಬಿತ್ತು. ಎಚ್ಚರಿಕೆಗೂ ತೆಗೆದುಹಾಕುವುದಕ್ಕೂ ನಡುವೆ ಇರುವ ಕಾಲವೇ ಕೈಪಿಡಿ ತಿದ್ದುವವರಿಗೆ ಸಿಗುವ ಕಾಲ. ಆ ಅವಧಿಯಲ್ಲಿ ಹಳೆಯದೂ ಹೊಸದೂ ಎರಡೂ ಓಡುತ್ತವೆ, ಅಕ್ಕಪಕ್ಕ ಇಟ್ಟು ಹೋಲಿಸಬಹುದು. ಆ ಅವಧಿಯನ್ನು ಕಳೆದುಕೊಂಡರೆ ಹೋಲಿಸಿ ನೋಡಲು ಹಳೆಯದೇ ಇರುವುದಿಲ್ಲ.

ಇನ್ನು ಕೆಲಸ ಹೇಗೆ ಎಂಬ ಪ್ರಶ್ನೆ. ಎಡಿಟರ್‌ನಲ್ಲಿ 'ನೋವಾ ಲಿಸ್ಟ್' ಹುಡುಕಿ 'ಓಪನ್‌ಸ್ಟ್ಯಾಕ್ ಸರ್ವರ್ ಲಿಸ್ಟ್' ಎಂದು ಬದಲಾಯಿಸಿಬಿಟ್ಟರೆ ಮುಗಿಯಿತಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಮುಗಿಯುವುದಿಲ್ಲ. ಈ ಎರಡರ ಉತ್ತರಗಳನ್ನೇ ನೋಡಿ. ಹಳೆಯದು ಹೆಸರು, ಸ್ಥಿತಿಗಳ ಜೊತೆಗೆ 'ಟಾಸ್ಕ್ ಸ್ಟೇಟ್' ಮತ್ತು 'ಪವರ್ ಸ್ಟೇಟ್' ಎಂಬ ಎರಡು ಕಾಲಮ್ಮುಗಳನ್ನು ತಾನಾಗಿ ತೋರಿಸುತ್ತಿತ್ತು. ಹೊಸದು ತೋರಿಸುವುದಿಲ್ಲ, 'ಲಾಂಗ್' ಎಂಬ ಆಯ್ಕೆ ಸೇರಿಸಿದರೆ ಮಾತ್ರ ತೋರಿಸುತ್ತದೆ. ನೀವು ತಿದ್ದುತ್ತಿರುವ ಪುಟದ ಮುಂದಿನ ಸಾಲಿನಲ್ಲಿ 'ಟಾಸ್ಕ್ ಸ್ಟೇಟ್ ಕಾಲಮ್ಮನ್ನು ಗಮನಿಸಿ' ಎಂದು ಬರೆದಿದ್ದರೆ? ಕಮಾಂಡ್ ಸರಿಯಾಯಿತು, ಪುಟ ಸುಳ್ಳಾಯಿತು. ಹಾಗಾಗಿ ಕಮಾಂಡ್, ಅದರ ಕೆಳಗಿನ ಮಾದರಿ ಉತ್ತರ, ಅದರ ಸುತ್ತಲಿನ ವಿವರಣೆ, ಈ ಮೂರನ್ನೂ ಒಟ್ಟಿಗೇ ತಿದ್ದಬೇಕು.

ಆಯ್ಕೆಗಳ ಕ್ರಮವೂ ಬದಲಾಗುತ್ತದೆ. 'ಸಿಂಡರ್ ಕ್ರಿಯೇಟ್ 10' ಎಂದರೆ 10 ಜಿಬಿಯ ಡಿಸ್ಕ್. ಹೊಸದರಲ್ಲಿ 'ಓಪನ್‌ಸ್ಟ್ಯಾಕ್ ವಾಲ್ಯೂಮ್ ಕ್ರಿಯೇಟ್' ಎಂದಮೇಲೆ 'ಸೈಜ್' ಆಯ್ಕೆಯಲ್ಲಿ 10 ಕೊಡಬೇಕು, ಕೊನೆಯಲ್ಲಿ ಬರುವುದು ಹೆಸರು. ಬರೀ ಮೊದಲ ಪದಗಳನ್ನು ಬದಲಿಸಿದರೆ 10 ಎಂಬುದೇ ಡಿಸ್ಕಿನ ಹೆಸರಿನ ಜಾಗದಲ್ಲಿ ಹೋಗಿ ಕೂರುತ್ತದೆ. ಬಳಕೆದಾರರಿಗೆ ಪಾತ್ರ (ರೋಲ್) ಕೊಡುವ ಕಮಾಂಡೂ ಹಾಗೆಯೇ: 'ಕೀಸ್ಟೋನ್ ಯೂಸರ್-ರೋಲ್-ಆ್ಯಡ್'ನಲ್ಲಿ ಯೂಸರ್, ರೋಲ್, ಟೆನೆಂಟ್ ಮೂರೂ ಆಯ್ಕೆಗಳು. 'ಓಪನ್‌ಸ್ಟ್ಯಾಕ್ ರೋಲ್ ಆ್ಯಡ್'ನಲ್ಲಿ ಪಾತ್ರದ ಹೆಸರು ನೇರವಾಗಿ ಬರುತ್ತದೆ, ಟೆನೆಂಟ್ ಎಂಬ ಹಳೆಯ ಹೆಸರು ಹೋಗಿ ಪ್ರಾಜೆಕ್ಟ್ ಎಂದಾಗಿದೆ.

ಕೀಸ್ಟೋನ್‌ನಲ್ಲಿ ನಡೆದ ಬದಲಾವಣೆ ಇನ್ನೂ ಆಳದ್ದು, ಅದನ್ನು ನಿಧಾನವಾಗಿ ನೋಡೋಣ. ಹಳೆಯ ಕೀಸ್ಟೋನ್ ಕಮಾಂಡ್ ಗುರುತಿನ ಸೇವೆಯ 2.0 ಆವೃತ್ತಿಯ ಎಪಿಐ ಜೊತೆ ಮಾತ್ರ ಮಾತಾಡುತ್ತಿತ್ತು. ಮೂರನೆಯ ಆವೃತ್ತಿ 'ಡೊಮೇನ್' ಎಂಬ ಹೊಸ ಆವರಣವನ್ನು ತಂದಿತು: ಬಳಕೆದಾರರೂ ಪ್ರಾಜೆಕ್ಟುಗಳೂ ಒಂದಲ್ಲ ಒಂದು ಡೊಮೇನಿನೊಳಗೆ ಇರುತ್ತಾರೆ, ಒಂದೇ ಹೆಸರಿನ ಇಬ್ಬರು ಬಳಕೆದಾರರು ಬೇರೆ ಬೇರೆ ಡೊಮೇನಿನಲ್ಲಿ ಇರಬಹುದು. ಆದ್ದರಿಂದ 'ಈ ಬಳಕೆದಾರರಿಗೆ ಪಾತ್ರ ಕೊಡಿ' ಎಂದು ಹೇಳುವಾಗ ಯಾವ ಡೊಮೇನಿನವರು ಎಂದೂ ಹೇಳಬೇಕಾಗಬಹುದು. ನಿರ್ವಾಹಕರು ಕೆಲಸ ಶುರು ಮಾಡುವ ಮೊದಲು ಓದಿಸುವ ಓಪನ್-ಆರ್‌ಸಿ ಎಂಬ ಪುಟ್ಟ ಫೈಲ್ ಇದೆಯಲ್ಲ, ಅದರಲ್ಲೂ ಟೆನೆಂಟ್ ಹೆಸರಿನ ಜಾಗದಲ್ಲಿ ಪ್ರಾಜೆಕ್ಟ್ ಹೆಸರು ಬರಬೇಕು, ಬಳಕೆದಾರರ ಡೊಮೇನ್ ಮತ್ತು ಪ್ರಾಜೆಕ್ಟಿನ ಡೊಮೇನ್ ಎಂಬ ಎರಡು ಸಾಲು ಹೊಸದಾಗಿ ಸೇರಬೇಕು, ವಿಳಾಸದ ಕೊನೆಯ 2.0 ಹೋಗಿ 3 ಆಗಬೇಕು. 2018ರ ಕ್ವೀನ್ಸ್ ಬಿಡುಗಡೆಯಲ್ಲಿ 2.0 ಎಪಿಐಯನ್ನೇ ತೆಗೆದುಹಾಕಿದರು. ಕಮಾಂಡುಗಳನ್ನೆಲ್ಲ ಹೊಸದು ಮಾಡಿ ಈ ಫೈಲನ್ನು ಹಳೆಯದಾಗಿಯೇ ಬಿಟ್ಟರೆ, ಅಧ್ಯಾಯದ ಒಂದೇ ಒಂದು ಕಮಾಂಡೂ ಓಡುವುದಿಲ್ಲ.

ಕಣ್ಣಿಗೆ ಕಾಣದ ಇನ್ನೊಂದು ವ್ಯತ್ಯಾಸ ಎಪಿಐಯ ಕಿರು ಆವೃತ್ತಿಗಳದ್ದು. ನೋವಾ ಸೇವೆ 2.1, 2.2 ಎಂದು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಬೆಳೆಯುತ್ತದೆ. ಹಳೆಯ ನೋವಾ ಕಮಾಂಡ್ ಸರ್ವರ್ ಜೊತೆ ಮಾತುಕತೆ ನಡೆಸಿ ಇಬ್ಬರಿಗೂ ಗೊತ್ತಿರುವ ಅತಿ ಹೊಸ ಆವೃತ್ತಿಯನ್ನು ಹಿಡಿಯುತ್ತಿತ್ತು. ಓಪನ್‌ಸ್ಟ್ಯಾಕ್ ಕಮಾಂಡ್ ಬಹುಕಾಲ ನೀವು ಕೇಳದ ಹೊರತು 2.1ರಲ್ಲೇ ನಿಂತಿತ್ತು. ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆ ಇನ್ನೊಂದು ಹೋಸ್ಟಿಗೆ ಸಾಗಿಸುವ ಲೈವ್ ಮೈಗ್ರೇಶನ್‌ನಲ್ಲಿ ಇದು ದೊಡ್ಡ ವ್ಯತ್ಯಾಸ ತಂದಿತು. ಹೊಸ ಉಪಕರಣದ ಮೊದಲಿನ 'ಲೈವ್' ಆಯ್ಕೆಯಲ್ಲಿ ಹೋಸ್ಟ್ ಹೆಸರು ಕೊಟ್ಟರೆ, ಅಲ್ಲಿ ಜಾಗ ಇದೆಯೇ ಎಂದು ಶೆಡ್ಯೂಲರ್ ಪರಿಶೀಲಿಸದೆಯೇ ಯಂತ್ರವನ್ನು ಅಲ್ಲಿಗೆ ತಳ್ಳುತ್ತಿತ್ತು. ಆಮೇಲೆ ಆ ಆಯ್ಕೆಯೂ ಡೆಪ್ರಿಕೇಟ್ ಆಗಿ 'ಲೈವ್-ಮೈಗ್ರೇಶನ್' ಮತ್ತು 'ಹೋಸ್ಟ್' ಎಂಬ ಎರಡು ಆಯ್ಕೆಗಳು ಬಂದವು. ಹೊಸದೆಂದು ನೀವು ಬರೆದದ್ದೇ ಹಳೆಯದಾಗುವುದು ಹೀಗೆ. ಇಂಥ ಕಡೆ ಯಾವ ಕಿರು ಆವೃತ್ತಿ ಬೇಕು ಎಂಬುದನ್ನು ಪುಟದಲ್ಲೇ ಬರೆಯುವುದು ಓದುಗರಿಗೆ ಮಾಡುವ ದೊಡ್ಡ ಉಪಕಾರ.

ಬದಲಿಸಬಾರದ್ದು ಏನು ಎಂಬುದೂ ಅಷ್ಟೇ ಮುಖ್ಯ. 'ನೋವಾ-ಮ್ಯಾನೇಜ್', 'ಕೀಸ್ಟೋನ್-ಮ್ಯಾನೇಜ್' ಎಂಬ ಕಮಾಂಡುಗಳಿವೆ. ಹೆಸರು ನೋಡಿದರೆ ಹಳೆಯ ಕುಟುಂಬದವೇ ಅನ್ನಿಸುತ್ತದೆ, ಆದರೆ ಅವು ಡೆಪ್ರಿಕೇಟ್ ಆಗಿಲ್ಲ. ಅವು ಎಪಿಐ ಮೂಲಕ ಹೋಗುವುದಿಲ್ಲ, ಸರ್ವರ್ ಮೇಲೆಯೇ ಕೂತು ಡೇಟಾಬೇಸ್ ಜೊತೆ ನೇರ ವ್ಯವಹರಿಸುತ್ತವೆ. ಅನುಸ್ಥಾಪನೆಯ ಪುಟಗಳಲ್ಲಿ ನೋವಾ ಎಂಬ ಲಿನಕ್ಸ್ ಬಳಕೆದಾರನಾಗಿ 'ನೋವಾ-ಮ್ಯಾನೇಜ್ ಡಿಬಿ ಸಿಂಕ್' ಓಡಿಸುವ ಸಾಲೊಂದು ಬರುತ್ತದೆ. ಅದರಲ್ಲಿ ನೋವಾ ಎರಡು ಸಲ ಇದೆ, ಎರಡರ ಅರ್ಥವೂ ಬೇರೆ, ಎರಡನ್ನೂ ಮುಟ್ಟಬಾರದು. 'ನೋವಾ-ಕಂಪ್ಯೂಟ್' ಸೇವೆಯ ಹೆಸರು, 'ನೋವಾ.ಕಾನ್ಫ್' ಸಂರಚನೆಯ ಫೈಲ್, ಅವೂ ಹಾಗೇ ಇರಬೇಕು. ಓಪನ್‌ಸ್ಟ್ಯಾಕ್ ದಾಖಲೆಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ: ಯಾರು ಬೇಕಾದರೂ ಓಡಿಸಬಹುದಾದ ಕಮಾಂಡಿನ ಮುಂದೆ ಡಾಲರ್ ಚಿಹ್ನೆ, ರೂಟ್ ಆಗಿ ಓಡಿಸಬೇಕಾದುದರ ಮುಂದೆ ಹ್ಯಾಶ್ ಚಿಹ್ನೆ. ಹ್ಯಾಶ್ ಕಂಡಲ್ಲಿ ಎರಡು ಸಲ ಯೋಚಿಸಿ, ಆಮೇಲೆ ಕೈ ಹಾಕಿ.

ಕೆಲವಕ್ಕೆ ಸರಿಜೋಡಿಯೇ ಇರುವುದಿಲ್ಲ. 'ನೋವಾ ಹೋಸ್ಟ್-ಇವ್ಯಾಕ್ಯುಯೇಟ್' ಎಂಬುದು ಸತ್ತ ಹೋಸ್ಟಿನ ಎಲ್ಲ ಯಂತ್ರಗಳನ್ನೂ ಒಂದೊಂದಾಗಿ ಬೇರೆಡೆ ಎಬ್ಬಿಸುವ ಸರಣಿಯನ್ನು ಕ್ಲೈಂಟಿನ ಒಳಗೇ ನಡೆಸುತ್ತಿತ್ತು. ಹೊಸ ಉಪಕರಣದಲ್ಲಿ ಯಂತ್ರವೊಂದನ್ನು ಹಾಗೆ ಎಬ್ಬಿಸುವ 'ಸರ್ವರ್ ಇವ್ಯಾಕ್ಯುಯೇಟ್' ಇದೆ, ಇಡೀ ಹೋಸ್ಟಿಗೆ ಒಂದೇ ಏಟಿಗೆ ಮಾಡುವುದು ಇಲ್ಲ. ಆಗ ಪುಟ ತಿದ್ದುವವರು ಸಣ್ಣ ಲೂಪ್ ಬರೆದು ತೋರಿಸಬೇಕು, ನಡುವೆ ಒಂದು ಯಂತ್ರ ವಿಫಲವಾದರೆ ಏನು ಮಾಡಬೇಕೆಂದೂ ಹೇಳಬೇಕು. ಹಳೆಯದಕ್ಕೆ ಹೊಸದು ಯಾವುದು ಎಂದು ತಿಳಿಯಲು ಓಪನ್‌ಸ್ಟ್ಯಾಕ್ ಕ್ಲೈಂಟಿನ ದಾಖಲೆಯಲ್ಲೇ ಜೋಡಿಪಟ್ಟಿ ಇದೆ. ಅದರಲ್ಲಿ ಕೆಲವು ಸಾಲುಗಳ ಎದುರು ಏನೂ ಇಲ್ಲ. ಕೈಪಿಡಿಗೆ ನಿಜವಾಗಿ ಮನುಷ್ಯರು ಬೇಕಾಗುವುದು ಆ ಸಾಲುಗಳಲ್ಲೇ ಎಂಬುದು ನನ್ನ ನಂಬಿಕೆ.

ಅಭ್ಯಾಸಕ್ಕೆ ಡೆವ್‌ಸ್ಟ್ಯಾಕ್ ಹಾಕಿಕೊಳ್ಳಿ. ಉಬುಂಟು ಇರುವ ಒಂದು ವರ್ಚುವಲ್ ಯಂತ್ರದೊಳಗೆ ಪೂರ್ತಿ ಓಪನ್‌ಸ್ಟ್ಯಾಕನ್ನು ಎಬ್ಬಿಸುವ ಸ್ಕ್ರಿಪ್ಟುಗಳ ಕಟ್ಟು ಅದು. ದಿನಬಳಕೆಯ ಲ್ಯಾಪ್‌ಟಾಪಿನ ಮೇಲೆ ನೇರ ಓಡಿಸಬೇಡಿ, ಅದು ಇಡೀ ಯಂತ್ರದ ಸಂರಚನೆಯನ್ನು ಕಲಕುತ್ತದೆ. ಅದರೊಳಗೆ ಆಡ್ಮಿನ್ ಮತ್ತು ಡೆಮೊ ಎಂಬ ಇಬ್ಬರು ಬಳಕೆದಾರರು ಸಿದ್ಧವಿರುತ್ತಾರೆ, ಸಿರೋಸ್ ಎಂಬ ಪುಟ್ಟ ಇಮೇಜೂ ಇರುತ್ತದೆ. ಅಧ್ಯಾಯದ ಮೊದಲ ಕಮಾಂಡಿನಿಂದ ಕೊನೆಯದರ ತನಕ ಬರೆದ ಕ್ರಮದಲ್ಲೇ ಓಡಿಸಿ, ಬಂದ ಉತ್ತರವನ್ನೇ ಪುಟಕ್ಕೆ ಹಾಕಿ. ಕಮಾಂಡ್ ಆಡ್ಮಿನ್ ಆಗಿ ಮಾತ್ರ ನಡೆಯುತ್ತದೆಯೇ, ಡೆಮೊ ಆಗಿಯೂ ನಡೆಯುತ್ತದೆಯೇ ಎಂದು ನೋಡಿ ಬರೆಯಿರಿ. ನಿರ್ವಾಹಕರ ಕೈಪಿಡಿಯಲ್ಲಿ ಈ ಒಂದು ವಾಕ್ಯ ತಪ್ಪಿದ್ದಕ್ಕೆ ಜನ ಎಷ್ಟು ಹೊತ್ತು ಒದ್ದಾಡುತ್ತಾರೆಂಬುದನ್ನು ಆ ಕೆಲಸದಲ್ಲಿರುವ ಯಾರನ್ನಾದರೂ ಕೇಳಿ.

ಎಲ್ಲಿ ತಿದ್ದಬೇಕೆಂಬುದೂ ಗೊತ್ತಿರಲಿ. ಮೊದಲು ಕೈಪಿಡಿಗಳೆಲ್ಲ ಒಂದೇ ಭಂಡಾರದಲ್ಲಿದ್ದವು, 2017ರ ಪೈಕ್ ಬಿಡುಗಡೆಯ ಕಾಲದಲ್ಲಿ ಆಯಾ ಸೇವೆಯ ಕೋಡಿನ ಜೊತೆಗೇ ಅವುಗಳನ್ನು ಇಟ್ಟರು. ನೋವಾದ ನಿರ್ವಹಣೆಯ ಪುಟ ಈಗ ನೋವಾದ ಭಂಡಾರದಲ್ಲಿದೆ, ಕೋಡ್ ಬರೆಯುವವರೇ ಅದನ್ನು ಪರಿಶೀಲಿಸುತ್ತಾರೆ. ಒಳ್ಳೆಯ ನಿರ್ಧಾರ: ಕಮಾಂಡ್ ಬದಲಿಸಿದವರಿಗೆ ಅದರ ಪುಟ ಪಕ್ಕದಲ್ಲೇ ಕಾಣುತ್ತದೆ. ಪುಟಗಳು ಆರ್‌ಎಸ್‌ಟಿ ಎಂಬ ಸರಳ ಪಠ್ಯರೂಪದಲ್ಲಿರುತ್ತವೆ. ಗಿಟ್‌ನಿಂದ ಇಳಿಸಿಕೊಂಡು, ತಿದ್ದಿ, ಟಾಕ್ಸ್ ಉಪಕರಣದಿಂದ ದಾಖಲೆ ಕಟ್ಟಿ ನೋಡಿ, ಗೆರಿಟ್ ಎಂಬ ಪರಿಶೀಲನಾ ವ್ಯವಸ್ಥೆಗೆ ಕಳಿಸಬೇಕು. ಹುಬ್ಬಳ್ಳಿಯಿಂದ ಕಳಿಸಿದ್ದಕ್ಕೂ ಹೂಸ್ಟನ್‌ನಿಂದ ಕಳಿಸಿದ್ದಕ್ಕೂ ಅಲ್ಲಿ ಒಂದೇ ಸಾಲು, ಒಂದೇ ಪರೀಕ್ಷೆ. ಹಳೆಯ ಬಿಡುಗಡೆಗಳ ಶಾಖೆಗಳಿಗೆ ಮಾತ್ರ ನಿಮ್ಮ ಬದಲಾವಣೆಯನ್ನು ಕುರುಡಾಗಿ ಒಯ್ಯಬೇಡಿ. ಆ ಬಿಡುಗಡೆ ನಡೆಸುತ್ತಿರುವವರ ಬಳಿ ಹೊಸ ಆಯ್ಕೆಗಳು ಇಲ್ಲದಿರಬಹುದು, ಅವರಿಗೆ ಹಳೆಯ ಪುಟವೇ ಸರಿ.

ಈ ಪಾಠ ಓಪನ್‌ಸ್ಟ್ಯಾಕಿಗೆ ಮಾತ್ರ ಸೀಮಿತವಲ್ಲ. ಡಾಕರ್‌ನ ಹಳೆಯ ಕಾಂಪೋಸ್ ಉಪಕರಣಕ್ಕೆ 2023ರ ಜುಲೈನಿಂದ ಪರಿಷ್ಕರಣೆ ನಿಂತಿತು, ಅಜೂರ್‌ನ ಹಳೆಯ ಪವರ್‌ಶೆಲ್ ಮಾಡ್ಯೂಲುಗಳು 2024ರ ಫೆಬ್ರುವರಿ 29ರಂದು ನಿವೃತ್ತವಾದವು. ಅವುಗಳ ಕಮಾಂಡುಗಳು ನಿಮ್ಮ ಕಚೇರಿಯ ಒಳಗಿನ ಟಿಪ್ಪಣಿಗಳಲ್ಲಿ ಇನ್ನೂ ಇರಬಹುದು.

ಮೊದಲ ಸಲಕ್ಕೆ ಒಂದೇ ಪುಟ ಆರಿಸಿಕೊಳ್ಳಿ, ಐದಾರು ಕಮಾಂಡುಗಳಿಗಿಂತ ಹೆಚ್ಚಿರದ ಪುಟ. ಓಡಿಸಿ ನೋಡದ ಸಾಲನ್ನು ಕಳಿಸಬೇಡಿ. ಪರಿಶೀಲಿಸುವವರು ತಿದ್ದುಪಡಿ ಹೇಳಿದರೆ ಬೇಸರಿಸಬೇಡಿ, ಅವರು ಆ ಪುಟವನ್ನು ಮುಂದೆ ತೆರೆಯುವ ನಿರ್ವಾಹಕರ ಪರವಾಗಿ ಮಾತಾಡುತ್ತಿರುತ್ತಾರೆ. ಅದು ಸೇರಿದ ಮೇಲೆ ಪಕ್ಕದ ಪುಟ ತೆರೆಯಿರಿ.