ನೀರಿನ ನಡುವಿನ ಜ್ವಾಲಾಮುಖಿ

ಮಕ್ಕಳೇ, ದೋಸೆ ಹುಯ್ಯುವ ಮುಂಚೆ ಕಾದ ಕಾವಲಿ ಮೇಲೆ ನೀರು ಚಿಮುಕಿಸುವುದನ್ನು ನೋಡಿದ್ದೀರಿ ಅಲ್ವಾ? (ನಮ್ಮ ಮನೆಯಲ್ಲಿ ಭಾನುವಾರ ಅದು ನನ್ನ ಕೆಲಸ.) ಚುಂಯ್ ಅಂತ ಸದ್ದಾಗಿ ಹನಿಗಳು ಚೆಲ್ಲಾಪಿಲ್ಲಿಯಾಗಿ ಓಡುತ್ತವೆ. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫಿಲಿಪೈನ್ಸ್ ದೇಶದ ರಾಜಧಾನಿ ಮನಿಲಾದಿಂದ ದಕ್ಷಿಣಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ ತಾಲ್ ಎಂಬ ದೊಡ್ಡ ಸರೋವರವಿದೆ. ಅದರ ನಡುವೆ ಒಂದು ದ್ವೀಪ. ಆ ದ್ವೀಪವೇ ಜ್ವಾಲಾಮುಖಿ! ಎತ್ತರ ಬರೀ 311 ಮೀಟರ್. ದ್ವೀಪದ ನಡುವೆ ಕುಳಿ, ಕುಳಿಯೊಳಗೆ ಇನ್ನೊಂದು ಪುಟ್ಟ ಸರೋವರ.

ರಜೆಯಲ್ಲಿ ನಾವು ಅಲ್ಲಿಗೆ ಹೋದಾಗ ತಗಾಯ್‌ತಾಯ್ ಊರಿನ ದಿಬ್ಬದಿಂದ ನೋಡಿದೆವು. "ಅಪ್ಪಾ, ದೋಣೀಲಿ ಅಲ್ಲಿಗೇ ಹೋಗೋಣ. ಸುತ್ತ ಇಷ್ಟು ನೀರಿದೆಯಲ್ಲ, ಬೆಂಕಿ ಬಂದ್ರೆ ಆರಿಹೋಗತ್ತೆ" ಅಂದಳು ಮಗಳು. ನಿಮಗೂ ಹಾಗೇ ಅನ್ನಿಸುತ್ತಾ? ನಿಜ ಸಂಗತಿ ಪೂರ್ತಿ ಉಲ್ಟಾ.

ಭೂಮಿಯೊಳಗೆ ಕರಗಿರುವ ಕಲ್ಲಿಗೆ ಮ್ಯಾಗ್ಮಾ ಅಂತಾರೆ. ಅದರ ಬಿಸಿ ಸುಮಾರು 1,000 ಡಿಗ್ರಿ ಸೆಲ್ಸಿಯಸ್. ನಮ್ಮ ಕಾವಲಿ ಅದರ ಮುಂದೆ ಏನೇನೂ ಅಲ್ಲ. ನೀರು ತಾಗಿದರೆ ಕ್ಷಣದಲ್ಲಿ ಉಗಿಯಾಗುತ್ತದೆ. ಬಯಲಿನಲ್ಲಿ ಒಂದು ಲೋಟ ನೀರು ಉಗಿಯಾದರೆ ಅದಕ್ಕೆ ಸುಮಾರು 1,600 ಲೋಟದಷ್ಟು ಜಾಗ ಬೇಕು. ಬಂಡೆಗಳ ಕೆಳಗೆ ಅಷ್ಟು ಜಾಗ ಎಲ್ಲಿದೆ? ಕುಕ್ಕರಿಗಾದರೆ ವಿಷಲ್ ಇದೆ, ಬಂಡೆಗಿಲ್ಲ. ಎಲ್ಲವೂ ಸಿಡಿದು, ಮ್ಯಾಗ್ಮಾ ಪುಡಿಪುಡಿಯಾಗಿ ಬೂದಿಯಾಗುತ್ತದೆ.

2020ರ ಜನವರಿ 12, ಭಾನುವಾರ, ತಾಲ್‌ನಲ್ಲಿ ಆದದ್ದು ಇದೇ. ಬೂದಿಯ ಮೋಡದೊಳಗೇ ಮಿಂಚು ಹೊಡೆಯಿತು. ಬೂದಿ ಮನಿಲಾದವರೆಗೂ ಬಿದ್ದು ವಿಮಾನ ನಿಲ್ದಾಣ ಮುಚ್ಚಿದರು. ಕುಳಿಯೊಳಗಿನ ಸರೋವರ ಕೆಲವೇ ದಿನಗಳಲ್ಲಿ ಬತ್ತಿತು. ಆಮೇಲೆ ಮತ್ತೆ ತುಂಬಿಕೊಂಡಿತು.

ದೋಣಿಯಲ್ಲಿ ತಪ್ಪಿಸಿಕೊಳ್ಳಬಹುದು ಅಂದುಕೊಳ್ಳಬೇಡಿ. ಇಂಥ ಸ್ಫೋಟದಲ್ಲಿ ಬಿಸಿ ಉಗಿ-ಬೂದಿಯ ಮೋಡ ಮೇಲಕ್ಕಷ್ಟೇ ಅಲ್ಲ, ಅಡ್ಡಡ್ಡಲಾಗಿ ನೀರಿನ ಮೇಲೂ ನುಗ್ಗುತ್ತದೆ. 1965ರಲ್ಲಿ ಇದೇ ತಾಲ್‌ನಲ್ಲಿ ವಿಜ್ಞಾನಿಗಳು ಅದರ ಗುರುತುಗಳನ್ನು ಅಭ್ಯಾಸ ಮಾಡಿದರು. 1911ರ ಸ್ಫೋಟದಲ್ಲಿ 1,300ಕ್ಕೂ ಹೆಚ್ಚು ಜನ ಸತ್ತಿದ್ದರು.

ಇಷ್ಟಾದರೂ 2020ರವರೆಗೆ ದ್ವೀಪದಲ್ಲಿ ಸಾವಿರಾರು ಜನ ವಾಸವಿದ್ದರು. ಮೀನು ಹಿಡಿಯುತ್ತಿದ್ದರು, ಪ್ರವಾಸಿಗರನ್ನು ಕುದುರೆ ಮೇಲೆ ಕುಳಿಯ ಅಂಚಿಗೆ ಕರೆದೊಯ್ಯುತ್ತಿದ್ದರು. ಕುದುರೆಯೇ ಅವರ ಸಂಪಾದನೆ. ಎಷ್ಟೋ ಕುದುರೆ, ದನಗಳನ್ನು ಬಿಟ್ಟು ದೋಣಿ ಹತ್ತಬೇಕಾಯಿತು. ಹಾಗಾಗಿ "ಅಪಾಯ ಗೊತ್ತಿದ್ದೂ ಯಾಕಿದ್ರು?" ಅಂತ ದೂರದಲ್ಲಿ ಕೂತು ಕೇಳೋದು ನನಗೆ ಸರಿ ಕಾಣಲ್ಲ.

ಅಂದಹಾಗೆ, ನಾವು ನಿಂತಿದ್ದ ದಿಬ್ಬ ಕೂಡ ಬಹಳ ಹಿಂದಿನ ಮಹಾಸ್ಫೋಟಗಳಿಂದ ಆದ ದೈತ್ಯ ಕುಳಿಯ ಅಂಚು. ಆ ಇಡೀ ಸರೋವರವೇ ಆ ಕುಳಿಯಲ್ಲಿ ತುಂಬಿದ ನೀರು! ಇದನ್ನು ಕೇಳಿ ಮಗಳು ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದಳು.